ನಮ್ಮ ಮನೆಯವರ ಕೂಪೆ

ಇಟಲಿಯವರಿಗೆ ಕಾಲು ಗಿಡ್ಡ, ಕೈ ಉದ್ದ ಇರಬೇಕು. ನಾನು ಇಟಲಿ ನೋಡಿದವಳಲ್ಲ, ಆ ದೇಶದವರ ಜೊತೆ ಮಾತಾಡಿದವಳೂ ಅಲ್ಲ, ಆದರೂ ಇದನ್ನು ಖಾತ್ರಿಯಿಂದ ಹೇಳುತ್ತೇನೆ. ನಮ್ಮ ಮನೆಯ ಮುಂದೆ ನಿಂತಿರುವ ಕಾರಿನಲ್ಲಿ ಕೂತರೆ ಕ್ಲಚ್ಚು, ಬ್ರೇಕು ಎರಡೂ ತೀರಾ ಹತ್ತಿರ, ಸ್ಟೇರಿಂಗು ಮಾತ್ರ ಎಲ್ಲೋ ದೂರ. ಸೀಟು ಹಿಂದೆ ಸರಿಸಿದರೆ ಕೈ ಎಟುಕುವುದಿಲ್ಲ, ಮುಂದೆ ಸರಿಸಿದರೆ ಮೊಣಕಾಲು ಸಿಕ್ಕಿಕೊಳ್ಳುತ್ತದೆ. ಬಾಗಿಲಿಗೆ ಹಿಡಿಕೆಯೇ ಕಾಣುವುದಿಲ್ಲ. ಅಂದ ಕೆಟ್ಟೀತೆಂದು ಅದನ್ನು ಗಾಜಿನ ಹಿಂದಿನ ಅಂಚಿನಲ್ಲಿ ಅಡಗಿಸಿಟ್ಟಿದ್ದಾರೆ. ಮೊದಲ ಸಲ ನೋಡಿದವರು ಕಾರಿಗೆ ಒಂದು ಪ್ರದಕ್ಷಿಣೆ ಹಾಕಿ ಸುಮ್ಮನಾಗುತ್ತಾರೆ. ಒಳಗೆ ಸಾಲಾಗಿ ಗುಂಡಿಗಳಿವೆ, ಎಲ್ಲಾ ಒಂದೇ ಥರ, ಯಾವುದರ ಮೇಲೂ ಚಿತ್ರವಿಲ್ಲ, ಅಕ್ಷರವಿಲ್ಲ. ವೈಪರ್ ಬೇಕೆಂದು ಒತ್ತಿದರೆ ಬಾನೆಟ್ಟಿನೊಳಗೆ ಮಲಗಿದ್ದ ದೀಪಗಳು ಮೇಲೇಳುತ್ತವೆ. ಅದರಲ್ಲೂ ಎಡಗಡೆಯದು ಮಾತ್ರ ಏಳುತ್ತದೆ, ಬಲಗಡೆಯದಕ್ಕೆ ಮನಸ್ಸು ಬಂದರೆ ಉಂಟು. ಗಡಿಯಾರವನ್ನು ಓಡಿಸುವವನ ಮುಂದೆ ಇಡದೆ ಪಕ್ಕದ ಸೀಟಿನವರ ಮುಂದೆ ಇಟ್ಟಿದ್ದಾರೆ. “ಗಂಡಸು ಗಾಡಿ ಹೊಡೀಬೇಕು, ಹೆಂಗಸು ಹೊತ್ತಾತು ಅಂತ ಬೈಬೇಕು, ಅದಕ್ಕ” ಎಂದು ನಮ್ಮ ಮನೆಯವರು ನನಗೆ ವಿವರಿಸಿದ್ದರು.

ನಮ್ಮ ಮನೆಯವರು ಅಂದರೆ ನನ್ನ ಗಂಡ. ಇಬ್ಬರೂ ವಿಜಯಪುರದ ಕಡೆಯವರು, ಮದುವೆಯಾದ ಹೊಸತರಲ್ಲೇ ಗೋವೆಗೆ ಬಂದವರು. ಕುಂಡಯಿಯ ಒಂದು ಫ್ಯಾಕ್ಟರಿಯಲ್ಲಿ ಅವರು ಫಿಟ್ಟರ್, ನಾನು ಸ್ಟೋರಿನಲ್ಲಿ. ಫ್ಯಾಕ್ಟರಿಯ ಹಳೆಯ ಮಾಲೀಕರು ಶೋಕಿಗೆಂದು ತರಿಸಿಕೊಂಡಿದ್ದ ಕಾರು ಅದು. ಅವರು ಫ್ಯಾಕ್ಟರಿ ಮಾರಿ ಹೋದ ಮೇಲೆ ಹಿಂದಿನ ಶೆಡ್ಡಿನಲ್ಲಿ ಖಾಲಿ ಡ್ರಮ್ಮುಗಳ ನಡುವೆ ಉಳಿದುಬಿಟ್ಟಿತ್ತು. ಹೊಸಬರು ಶೆಡ್ಡು ಖಾಲಿ ಮಾಡಿಸುವಾಗ ಅದನ್ನು ಗುಜರಿಗೆ ಹಾಕಿ ಅಂದರು. ನಮ್ಮವರು ಕೈಮುಗಿದು ಕೇಳಿ ಮನೆಗೆ ತಂದರು. ಲಾರಿಯಿಂದ ಇಳಿಸುವಾಗ ನಾನು ಸೊಂಟಕ್ಕೆ ಕೈಯಿಟ್ಟು ನಿಂತಿದ್ದೆ.

“ಇದೇನ್ರಿ ಇದು?”

“ಕೂಪೆ. ಎರಡ ಬಾಗಲದ ಕಾರಿಗೆ ಕೂಪೆ ಅಂತಾರ.”

“ಕೂಪ ಅಂದ್ರ ಬಾವಿ. ಶಾಲ್ಯಾಗ ಓದಿಲ್ಲೇನು ನೀವು?”

“ಹೌದಲ್ಲ! ಹಂಗಾದ್ರ ಬಾವ್ಯಾಗ ಬಿದ್ದಂಗಾತು ನಮ್ಮ ಕತಿ” ಎಂದು ಅವರು ಲಾರಿಯವನಿಗೂ ಹಿಂದಿಯಲ್ಲಿ ಅದನ್ನು ಹೇಳಲು ಹೋದರು. ಹಿಂದಿಯಲ್ಲಿ ಅದಕ್ಕೆ ನಗು ಬರಲಿಲ್ಲ.

ರಿಟೈರ್ ಆದ ಮೇಲೆ ಅದನ್ನು ಸರಿಮಾಡಿಸಿ, ನನ್ನನ್ನು ಗಡಿಯಾರದ ಮುಂದೆ ಕೂಡಿಸಿಕೊಂಡು ಊರಿಗೆ ಹೋಗುವುದು ಅವರ ಲೆಕ್ಕ. ಅಲ್ಲಿಯವರೆಗೆ ಕಾರನ್ನು ಜೋಪಾನ ಮಾಡಬೇಕಲ್ಲ. ಮೇ ತಿಂಗಳು ಮುಗಿಯುತ್ತಿದ್ದಂತೆ ಗೋವೆಯಲ್ಲಿ ಎಲ್ಲರೂ ಎಲ್ಲವನ್ನೂ ಮುಚ್ಚುತ್ತಾರೆ. ಕಟ್ಟಿಗೆ, ಸ್ಕೂಟರು, ಗೋಡೆಯ ಪಡುವಣ ಮುಖ, ಏನಿದ್ದರೂ ಅದರ ಮೇಲೆ ನೀಲಿ ತಾಡಪತ್ರಿ. ಇವರೂ ಕೂಪೆಗೆ ತಾಡಪತ್ರಿ ಹೊದಿಸಿದರು. ಒಂದಲ್ಲ, ಎರಡು ಪದರ, ಸುತ್ತಲೂ ನೈಲಾನ್ ಹಗ್ಗ. ಒಂದು ತೊಟ್ಟು ನೀರು ಹೋಗದ ಹಾಗೆ ಬಿಗಿದು, ಹಗ್ಗ ಎಳೆದು ನೋಡಿ, ಕೈ ಒರೆಸಿಕೊಂಡರು. ಆ ಮಳೆಗಾಲದಲ್ಲೇ ಅವರು ಹೋದರು. ಹೊಟ್ಟೆನೋವನ್ನು ಬಹಳ ದಿನದಿಂದ ನನಗೆ ಹೇಳದೆ ಮುಚ್ಚಿಟ್ಟಿದ್ದರು. ಆಸ್ಪತ್ರೆಗೆ ಸೇರಿಸಿದಾಗ ಡಾಕ್ಟರರು ನನ್ನ ಮೇಲೇ ಸಿಟ್ಟಾದರು, ಇಷ್ಟು ದಿನ ಏನು ಮಾಡುತ್ತಿದ್ದಿರಿ ಎಂದು. ನನಗೂ ಸಿಟ್ಟು ಬಂದಿತ್ತು, ಆದರೆ ಯಾರ ಮೇಲೆ ಬಂದಿತ್ತೋ ಅವರು ಮಾತಾಡುವ ಸ್ಥಿತಿಯಲ್ಲಿರಲಿಲ್ಲ.

ಆಮೇಲೆ ನಾನು ಅವರು ಹೋದ ಸುದ್ದಿಯನ್ನು ಎಷ್ಟೋ ಜನರಿಗೆ ಹೇಳಿದೆ. ಬ್ಯಾಂಕಿನಲ್ಲಿ ಹಿಂದಿಯಲ್ಲಿ, ವಠಾರದ ಹೆಂಗಸರಿಗೆ ನನ್ನ ಮುರುಕು ಕೊಂಕಣಿಯಲ್ಲಿ, ಆಫೀಸಿನಲ್ಲಿ ಎಕ್ಸ್‌ಪೈರ್ ಆದರು ಎಂಬ ಆ ಔಷಧಿ ಬಾಟಲಿಯ ಮಾತಿನಲ್ಲಿ. ಊರಿಗೆ ಫೋನ್ ಮಾಡಿ ತಿಳಿಸುವ ಕೆಲಸವನ್ನು ಆಸ್ಪತ್ರೆಗೆ ಬಂದಿದ್ದ ಮೈದುನನೇ ಮಾಡಿದ. ಊರಿನವರೆಲ್ಲ ಸುದ್ದಿ ತಿಳಿದುಕೊಂಡೇ ಅಳುತ್ತಾ ಬಂದರು, ಅವರಿಗೆ ನಾನು ಹೇಳಬೇಕಾದದ್ದು ಏನೂ ಇರಲಿಲ್ಲ. ಅವರೆಲ್ಲ ತಿರುಗಿ ಹೋದ ಮೇಲೆ ಮನೆಯಲ್ಲಿ ನಾನೊಬ್ಬಳೇ. ನಮಗೆ ಮಕ್ಕಳಿಲ್ಲ. ಊರಿಗೆ ಬಂದುಬಿಡು ಎಂದರು, ನಾನು ಒಲ್ಲೆ ಅಂದೆ. ಅಲ್ಲಿ ನನ್ನನ್ನು ಕರೆದುಕೊಂಡು ಹೋಗಿ ಮಾಡುವ ಮೊದಲ ಕೆಲಸ ಯಾವುದೆಂದು ನನಗೆ ಗೊತ್ತಿತ್ತು: ಹಣೆಯ ಕುಂಕುಮ ತೆಗೆಸುವುದು. ಇಲ್ಲಿ ನಾನು ಎಂದಿನಂತೆ ಕುಂಕುಮ ಹಚ್ಚಿಕೊಂಡು ಕೆಲಸಕ್ಕೆ ಹೋಗುತ್ತಿದ್ದೆ, ಯಾರೂ ಏನೂ ಕೇಳಲಿಲ್ಲ. ಕೇಳಿದ್ದರೆ ಸರಿಯಾಗಿ ಉತ್ತರ ಕೊಡುತ್ತಿದ್ದೆ.

ಆದರೆ ಒಂದು ವಿಷಯ ನನ್ನ ಅಂದಾಜಿಗೆ ಬಂದಿರಲಿಲ್ಲ. ಕನ್ನಡ ನಿಂತುಹೋಯಿತು. ಫ್ಯಾಕ್ಟರಿಯಲ್ಲಿ ಹಿಂದಿ, ಅಂಗಡಿಯಲ್ಲಿ ಕೊಂಕಣಿ, ಬಸ್ಸಿನಲ್ಲಿ ಎರಡೂ ಕಲಸಿದ್ದು. ಗೋವೆಯಲ್ಲಿ ನಮ್ಮವರು ಬೇಕಾದಷ್ಟು ಜನ ಇದ್ದಾರೆ, ಕುಂಕಳ್ಳಿಯಲ್ಲಿ, ಬಂದರಿನ ಕಡೆ, ಬೀಚುಗಳಲ್ಲಿ. ನಮ್ಮ ವಠಾರದಲ್ಲಿ ಯಾರೂ ಇಲ್ಲ. ಜಗಳಕ್ಕೂ ನಗೆಗೂ ನಾನು ಕನ್ನಡವನ್ನು ಬಳಸುತ್ತಿದ್ದದ್ದು ಅವರೊಬ್ಬರ ಜೊತೆ. ಹಾಲು ಉಕ್ಕಿದಾಗ ‘ಅಯ್ಯ’ ಎಂದು ಒಬ್ಬಳೇ ಕೂಗಿ, ಆ ಧ್ವನಿ ಕೇಳಿ ನನಗೇ ಗಾಬರಿಯಾಗಿದ್ದುಂಟು. ಬಹಳ ಒಂಟಿಯಾಗಿದ್ದೆ. ಅದನ್ನು ಬೇರೆ ಥರ ಹೇಳುವುದಕ್ಕೆ ನನಗೆ ಬರುವುದಿಲ್ಲ.

ಮುಂದಿನ ಮಳೆಗಾಲವೂ ಕಳೆದ ಮೇಲೆ ಒಂದು ದಿನ ಕೊರ್ಲಿಮ್‌ನಲ್ಲಿ ಹಳೆಯ ಗಾಡಿಗಳ ಬಾಡಿ ಕೆಲಸ ಮಾಡುವ ಒಬ್ಬರು ಇದ್ದಾರೆಂದು ಕೇಳಿ ಅಲ್ಲಿಗೆ ಹೋದೆ. ಅರವತ್ತು ದಾಟಿದ ಮನುಷ್ಯ, ಹಣೆಯಲ್ಲಿ ವಿಭೂತಿ, ಕೈಯಲ್ಲಿ ಸುತ್ತಿಗೆ. ನಾನು ಹಿಂದಿಯಲ್ಲಿ ಶುರುಮಾಡಿದೆ. ಅವರು ನನ್ನ ಮಾತು ಪೂರ್ತಿ ಕೇಳಿ, “ಯಾವೂರ್ರಿ ಅಕ್ಕಾರ?” ಅಂದರು. ವಿಜಯಪುರದ ಕಡೆ ಎಂದು ಕನ್ನಡದಲ್ಲೇ ಹೇಳಿದೆ. ಗಾಡಿ ಜಾಗ ಬಿಟ್ಟು ಕದಲುವ ಸ್ಥಿತಿಯಲ್ಲಿಲ್ಲ ಎಂದು ಹೇಳಿದಾಗ, ಹಾಗಾದರೆ ರವಿವಾರ ತಾವೇ ಮನೆಗೆ ಬರುವುದಾಗಿ ಹೇಳಿದರು. ಅವತ್ತಿನಿಂದ ಅವರನ್ನು ನಾನು ಕಾಕಾ ಎಂದೇ ಕರೆದೆ.

ಮೊದಲ ರವಿವಾರ ಕಾಕಾ ಬಂದು ಹಗ್ಗ ಕೊಯ್ದು ತಾಡಪತ್ರಿ ಎಳೆದರು. ಒಳಗಿನಿಂದ ಮುಗ್ಗಿದ ಹಿಟ್ಟಿನ ವಾಸನೆ ಬಂತು. ಸೀಟಿನ ಮೇಲೆ ಬಿಳಿ ಬೂಷ್ಟು. ಬಾಗಿಲಿನ ಕೆಳಗಿನ ಅಂಚನ್ನು ಅವರು ಹೆಬ್ಬೆರಳಿನಿಂದ ಒತ್ತಿದರು, ಬೆರಳು ಒಳಗೇ ಹೋಯಿತು.

“ಯಾರ್ರಿ ಇದನ್ನ ಹಿಂಗ ಮುಚ್ಚಿದ್ದು?”

“ನಮ್ಮನಿಯವ್ರು.”

“ಜ್ವಾಕಿ ಮಾಡಾಕ ಹೋಗಿ ಕೊಂದಾರ ನೋಡ್ರಿ. ಮ್ಯಾಲಿಂದ ಬಂದ ನೀರ ಹರದ ಹೋಕ್ಕೈತಿ. ನೆಲದಿಂದ ಏಳೂ ಹಸಿಗಾಳಿ ಎಲ್ಲಿಗೆ ಹೋಗಬೇಕು? ಒಳಗs ಕುಂತು ತಿಂದೈತಿ. ತಗಡಿಗೂ ಉಸರಾಡಾಕ ಗಾಳಿ ಬೇಕ್ರಿ.”

ನನಗೆ ನಮ್ಮವರ ಪರ ವಹಿಸಬೇಕೆನಿಸಿತು. ಜೊತೆಗೆ ಅವರ ಮೇಲಿನ ಹಳೆಯ ಸಿಟ್ಟೂ ಎದ್ದಿತು. “ಅವ್ರು ಹಂಗs ಕಾಕಾ, ಏನಿದ್ರೂ ಮುಚ್ಚೇ ಇಡ್ತಾರ” ಅಂದೆ.

ಇಡ್ತಾರ. ಇಡ್ತಿದ್ರು ಅನ್ನಬೇಕಾಗಿತ್ತು. ಬಾಯಿಯಿಂದ ಹೊರಟದ್ದು ಎಂದಿನ ಮಾತು, ಎಂದಿನ ರೂಪದಲ್ಲಿ. ಹಿಂದಿಯಲ್ಲಿ ಆಗಿದ್ದರೆ ‘ಥೇ’ ಎಂದು ಸರಿಯಾಗಿ ಬರುತ್ತಿತ್ತು, ಅದು ಅಭ್ಯಾಸವಾಗಿತ್ತು. ಕನ್ನಡದಲ್ಲಿ ಅವರ ಬಗ್ಗೆ ನಾನು ಯಾರಿಗೂ ಹಾಗೆ ಹೇಳಿರಲಿಲ್ಲ. ಕಾಕಾ ನಕ್ಕು, “ಗಂಡಸರೆಲ್ಲಾ ಹಂಗs ಬಿಡ್ರಿ. ನಮ್ಮನ್ಯಾಕಿನ್ನ ಕೇಳ್ರಿ, ಹೇಳ್ತಾಳ” ಅಂದರು. ನಾನು ತಿದ್ದಬಹುದಿತ್ತು. ತಿದ್ದಲಿಲ್ಲ. ಎಷ್ಟೋ ತಿಂಗಳ ಮೇಲೆ ನಾನು ಎಲ್ಲ ಹೆಂಗಸರ ಹಾಗೆ ಗಂಡನನ್ನು ಬೈದಿದ್ದೆ, ಇನ್ನೊಬ್ಬರು ಅದನ್ನು ಕೇಳಿ ನಕ್ಕಿದ್ದರು. ಅಷ್ಟು ಸುಖ ನನಗೆ ಬೇಕಾಗಿತ್ತು.

ಕೆಲಸ ಶುರುವಾಯಿತು. ಕಾರಿನ ಮೇಲೆ ನಾಲ್ಕು ಕಂಬ ನೆಟ್ಟು ತಗಡಿನ ಮಾಡು ಹಾಕಿಸಿದೆವು, ಸುತ್ತ ಬಯಲು, ಗಾಳಿ ಆಡಲೆಂದು. ತುಕ್ಕಿಗೆ ನಮ್ಮ ಕಡೆ ಜಂಗು ಅನ್ನುತ್ತಾರೆ. ಅದನ್ನು ಹುಡುಕುವುದಕ್ಕೆ ಕಣ್ಣಿಗಿಂತ ಕಿವಿ ಬೇಕು. ಕಾಕಾ ಸ್ಕ್ರೂಡ್ರೈವರಿನ ಹಿಡಿಯಿಂದ ಮೆಲ್ಲಗೆ ಬಡಿಯುತ್ತಾ ಹೋಗುತ್ತಿದ್ದರು. ಟಣ್ ಟಣ್ ಅಂದರೆ ತಗಡು ಗಟ್ಟಿ, ಬದ್ ಅಂದರೆ ಬಣ್ಣದ ಕೆಳಗೆ ಬರೀ ಪುಡಿ. ನಾನು ಅಡುಗೆಮನೆಯಲ್ಲಿ ಚಹಾ ಕಾಸುತ್ತಾ ಆ ಸದ್ದಿಗೆ ಕಿವಿಕೊಟ್ಟಿರುತ್ತಿದ್ದೆ. ಟಣ್ ಟಣ್ ಎಂದು ಬಹಳ ಹೊತ್ತು ಕೇಳಿದರೆ ನನಗೆ ಆತಂಕ. ಬದ್ ಅಂದರೆ ಸಮಾಧಾನ. ಒಂದು ತೂತು ಸಿಕ್ಕಿತೆಂದರೆ ಇನ್ನೂ ನಾಲ್ಕು ರವಿವಾರ ಕಾಕಾ ಬರುತ್ತಾರೆ, ನಾಲ್ಕು ರವಿವಾರ ನಾನು ಕನ್ನಡ ಮಾತಾಡುತ್ತೇನೆ, ನಾಲ್ಕು ರವಿವಾರ ನನಗೆ ಗಂಡ ಇರುತ್ತಾನೆ.

ಇಟಲಿಯವರು ನನ್ನ ಕೈಬಿಡಲಿಲ್ಲ. ಅವರ ಕಾರಿನಲ್ಲಿ ತುಕ್ಕು ಹಿಡಿಯದ ಜಾಗವನ್ನು ಹುಡುಕುವುದು ಕಷ್ಟ. ಮುಂದಿನ ಗಾಜಿನ ಬುಡದಲ್ಲಿ ಗಾಳಿ ಹೋಗಲೆಂದು ಒಂದು ಕಾಲುವೆ ಬಿಟ್ಟಿದ್ದಾರೆ, ಅಲ್ಲಿ ಬಿದ್ದ ಮಳೆನೀರು ಹೊರಗೆ ಹೋಗಲು ಎರಡು ರಬ್ಬರ್ ನಳಿಗೆ. ಆ ನಳಿಗೆಗಳನ್ನು ಹಿಡಿದು ಕೆಳಗೆ ಬಂದರೆ ಅವು ತೆರೆದುಕೊಳ್ಳುವುದು ರಸ್ತೆಗಲ್ಲ, ಬಾಗಿಲಿನ ಕೆಳಗಿನ ಟೊಳ್ಳು ತೊಲೆಯೊಳಕ್ಕೆ. ಆ ತೊಲೆಯಿಂದ ನೀರು ಹೊರಗೆ ಹೋಗಲು ದಾರಿಯೇ ಇಲ್ಲ. ತೊಲೆಯ ಹೊರಮೈಗೆ ಚಂದದ ಬಣ್ಣ, ಒಳಮೈಗೆ ಒಂದು ಕೈ ಪ್ರೈಮರ್ ಕೂಡ ಇಲ್ಲ. ಸ್ಟೆಪ್ನಿ ಚಕ್ರವನ್ನು ಡಿಕ್ಕಿಯಲ್ಲಿ ಇಡದೆ ಎಂಜಿನ್ನಿನ ಮೇಲೆ ಮಲಗಿಸಿದ್ದಾರೆ, ಅದರ ಕೆಳಗಿನ ತಟ್ಟೆಯಲ್ಲಿ ಮತ್ತೆ ನೀರು. ಎಲ್ಲಕ್ಕಿಂತ ಕಡೆಯದು ಗಾಜಿನ ಪಕ್ಕದ ಕಂಬಗಳು. ಸದ್ದು ಬರಬಾರದೆಂದು ಅವುಗಳೊಳಗೆ ಸ್ಪಂಜು ತುಂಬಿದ್ದರು. ಕಾಕಾ ಕಂಬ ಕೊಯ್ದು ಆ ಸ್ಪಂಜನ್ನು ಎಳೆದು ಹಿಂಡಿದರು. ಮಳೆ ನಿಂತು ಎಷ್ಟೋ ತಿಂಗಳಾಗಿದ್ದ ಆ ಬೇಸಿಗೆಯಲ್ಲಿ ಅದರಿಂದ ಕೆಂಪು ನೀರು ಸುರಿಯಿತು.

“ಇವ್ರಿಗೇನು ಮಳಿ ಅನ್ನೂದs ಗೊತ್ತಿಲ್ಲೇನ್ರಿ ಕಾಕಾ?”

“ಗೊತ್ತಿರಬೇಕ್ರಿ. ಆದ್ರ ಗಾಡಿ ಚಂದ ಅದ ಅಂದ ಮ್ಯಾಲ ಮಳೀನೂ ಸರದ ಹೋಕ್ಕೈತಿ ಅಂತ ತಿಳಕೊಂಡಾರ.”

ಜೂನ್ ಬಂದ ಮೇಲೆ ಆ ಗಾಜಿನ ಬುಡದ ಕಾಲುವೆಯಲ್ಲಿ ಒಂದು ಕಪ್ಪೆ ಮನೆ ಮಾಡಿತು. ಮಾಡಿನ ಅಂಚಿನಿಂದ ಇರಚಲು ಬಂದು ಬೀಳುವಷ್ಟು ನೀರೇ ಅದಕ್ಕೆ ಸಾಕಾಯಿತು. ಕೂಪಮಂಡೂಕ! ನನಗೆ ನಗು ತಡೆಯಲಾಗಲಿಲ್ಲ. ಕಾಕಾಗೆ ಕೂಪೆಗೂ ಕೂಪಕ್ಕೂ ಇರುವ ಸಂಬಂಧ ಬಿಡಿಸಿ ಹೇಳಿದೆ, ಹಳೆಯ ಮಾತನ್ನೂ ಹೇಳಿದೆ. ಅವರು ಸ್ಪಾನರ್ ಕೆಳಗಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕರು. “ಸಾಹೇಬ್ರು ಭಾಳ ಚ್ಯಾಷ್ಟಿ ಮನಷಾ ಅದಾರ. ಯಾವಾಗ ಭೆಟ್ಟಿ ಆಗ್ತಾರ್ರಿ?” ಅಂದರು.

ಆ ಪ್ರಶ್ನೆ ಆಗಾಗ ಬರುತ್ತಿತ್ತು. ರವಿವಾರವೂ ಡ್ಯೂಟಿಯೇ ಎಂದು ಒಮ್ಮೆ ಕೇಳಿದರು, “ಏನ ಮಾಡೂದ್ರಿ” ಅಂದೆ. ಅದು ಹೌದೂ ಅಲ್ಲ, ಅಲ್ಲವೂ ಅಲ್ಲ. ಕಾಕಾ ಎಣ್ಣೆ ಮಸಿಯ ಬಟ್ಟೆಯಲ್ಲಿ ಒಳಗೆ ಬರುತ್ತಿರಲಿಲ್ಲ, ಎಷ್ಟು ಕರೆದರೂ ಮೆಟ್ಟಿಲ ಮೇಲೇ ಕೂತು ಚಹಾ ಕುಡಿಯುತ್ತಿದ್ದರು. ಹಾರ ಹಾಕಿದ ಫೋಟೋ ಒಳಕೋಣೆಯಲ್ಲಿತ್ತು. ನಾನು ಹೊರಗೆ ಕೂತು ನಮ್ಮವರ ಸುದ್ದಿ ಹೇಳುತ್ತಿದ್ದೆ. ಅವರಿಗೆ ಚಹಾ ಸಿಹಿ ಇರಬೇಕು. ಅವರು ಮಲಗಿದರೆ ಮೈಮೇಲೆ ಬೆಕ್ಕು ಹತ್ತಿದರೂ ಎಚ್ಚರ ಆಗುವುದಿಲ್ಲ. ಕಾಕಾ ಪುಟ್ಟಿ ಮೆತ್ತಿ ತೂತು ಮುಚ್ಚುವ ಜಾತಿಯವರಲ್ಲ, ಕೊಳೆತದ್ದನ್ನು ಕೊಯ್ದು ಹೊಸ ತಗಡು ಕೂಡಿಸಿಯೇ ಬೆಸೆಯಬೇಕು. ಅದನ್ನು ಹೊಗಳುವಾಗಲೂ ನಾನು, “ನಮ್ಮನಿಯವ್ರೂ ಇದನ್ನs ಅಂತಾರ” ಅನ್ನುತ್ತಿದ್ದೆ.

ಬಣ್ಣದ ಮಾತು ಬಂದಾಗ ನನಗೆ ಸ್ವಲ್ಪ ಹೆದರಿಕೆಯಾಯಿತು. ಮೇಲಿನ ಕೆಂಪು ಕೆರೆದರೆ ಕೆಳಗೆ ಕಡುಹಸಿರು ಇತ್ತು, ಕಂಪನಿ ಹಚ್ಚಿದ್ದು ಅದೇ. ಕಾಕಾ, “ಯಾವ ಬಣ್ಣ ಹಚ್ಚೂಣು? ಸಾಹೇಬ್ರನ್ನ ಕೇಳಿ ಮುಂದಿನ ವಾರ ಹೇಳ್ರಿ” ಅಂದರು. ಆ ವಾರವೆಲ್ಲ ನಾನು ನಿಜಕ್ಕೂ ಕೇಳಿದೆ. ರೊಟ್ಟಿ ಬಡಿಯುವಾಗ ಕೇಳಿದೆ, ಬಸ್ಸಿನಲ್ಲಿ ಕಿಟಕಿಯ ಕಡೆ ತಿರುಗಿ ಕೇಳಿದೆ. ಅವರು ಇದ್ದಾಗ ನನ್ನ ಮಾತು ಮುಗಿಯುವುದರೊಳಗೆ ಉತ್ತರ ಕೊಡುವವರು. ಈಗ ಏನೂ ಹೇಳಲಿಲ್ಲ. ಕಡೆಗೆ ನನಗೇ ಸಿಟ್ಟು ಬಂದು, ಹಸಿರು ಎಂದು ತೀರ್ಮಾನಿಸಿದೆ. “ಹಸರ ಅಂದ್ರು” ಎಂದು ಕಾಕಾಗೆ ಹೇಳುವಾಗ ಅವರ ಮುಖ ನೋಡಲಾಗಲಿಲ್ಲ. ನನ್ನ ಗಂಡ ಇಂಥ ಯಾವ ಮಾತನ್ನೂ ಆಡಿರಲಿಲ್ಲವಲ್ಲ.

ಮಳೆ ಕಡಿಮೆಯಾಗುತ್ತಾ ಬಂತು. ಟಣ್ ಟಣ್ ಸದ್ದು ಹೆಚ್ಚಾಯಿತು. ಎಂಜಿನ್ ನೋಡಲು ಫೋಂಡಾದಿಂದ ಬೇರೊಬ್ಬ ಮೆಕ್ಯಾನಿಕ್ಕು ಬಂದು ಅದಕ್ಕೂ ಜೀವ ಕೊಟ್ಟು ಹೋದ. ಹಸಿರು ಬಣ್ಣ ಹೊಡೆದ ಮೇಲೆ ವಠಾರದವರು ಬಂದು ನೋಡಿ ಹೋದರು. ಕಾಕಾ ಕಾರಿನ ಸುತ್ತ ಒಂದು ಸುತ್ತು ಬಡಿಯುತ್ತಾ ಬಂದರು, ಎಲ್ಲೂ ಬದ್ ಅನ್ನಲಿಲ್ಲ.

“ಮುಗೀತ್ರಿ ಅಕ್ಕಾರ” ಅಂದರು. ನಾನು ಹೂಂ ಅಂದೆ. ಸಂತೋಷಪಡಬೇಕಾದ ಹೊತ್ತು, ನಾನು ಬಾಗಿಲಿನ ಕೆಳಗೆ ಇನ್ನೊಮ್ಮೆ ಬಡಿದು ನೋಡಿದೆ.

“ಮುಂದಿನ ರವಿವಾರ ಪೂಜಿ ಮಾಡಿ ಗಾಡಿ ಹೊರಗ ತಗಿಯೂಣು” ಎಂದು ಹೇಳಿ ಹೋದರು.

ಆ ರವಿವಾರ ಬೆಳಿಗ್ಗೆ ಅವರು ಬಂದಾಗ ಮಸಿ ಬಟ್ಟೆ ಇರಲಿಲ್ಲ. ಬಿಳಿ ಅಂಗಿ, ಬಿಳಿ ಧೋತರ, ಕೈಯಲ್ಲಿ ಚೀಲ. ಚೀಲದಲ್ಲಿ ತೆಂಗಿನಕಾಯಿ, ಚೆಂಡು ಹೂವಿನ ಮಾಲೆ, ಚಕ್ರಗಳ ಕೆಳಗೆ ಇಡಲು ಲಿಂಬೆಹಣ್ಣು. ಮಾಲೆಯನ್ನು ಕಾರಿನ ಮುಂದೆ ತಾವೇ ಕಟ್ಟಿದರು. ಆಮೇಲೆ ಅಡಗಿದ ಹಿಡಿಕೆಗಳನ್ನು ಹುಡುಕಿ ಎರಡೂ ಬಾಗಿಲುಗಳನ್ನು ತೆರೆದಿಟ್ಟರು.

“ನೀವು ಆರತಿ ಮಾಡ್ರಿ. ಆಮ್ಯಾಲ ಜೋಡೀಲೆ ಕುಂದರ್ರಿ, ಎರಡs ಸೀಟ ಇರೂದು, ನಿಮ್ಮಿಬ್ಬರಿಗೆ ಮಾಡಿಸಿದಂಗ ಆಗೇತಿ. ಸಾಹೇಬ್ರನ್ನ ಕರೀರಿ ಇವತ್ತರೆ. ವರ್ಷ ಆಗಾಕ ಬಂತು, ನಾ ಇನ್ನೂ ಮಾರಿ ನೋಡಿಲ್ಲ ಅವರದು.”

ನನ್ನ ಕೈಯಲ್ಲಿ ಆರತಿ ತಟ್ಟೆ ಇತ್ತು. ದೀಪ ಇನ್ನೂ ಹಚ್ಚಿರಲಿಲ್ಲ.

“ಅವ್ರು ಇಲ್ರಿ ಕಾಕಾ” ಅಂದೆ.

ಕಡೆಗೂ ಹೇಳಿದೆ ಎಂದುಕೊಂಡೆ. ಕಾಕಾ ಚೀಲದಿಂದ ಲಿಂಬೆಹಣ್ಣು ತೆಗೆಯುತ್ತಿದ್ದರು.

“ಇಲ್ಲಂದ್ರ ಎಲ್ಲಿ ಹೋಗ್ಯಾರು? ಬರಲೇಳ್ರಿ. ನನಗೂ ಇವತ್ತ ಅವಸರ ಇಲ್ಲ. ಅವರು ಬರೂತನಾ ಕಾಯೂಣು.”

ಹಾಗೆಂದು ಮೆಟ್ಟಿಲ ಮೇಲಿನ ಧೂಳನ್ನು ಕೈಯಿಂದ ಒರೆಸಿ, ಬಿಳಿ ಧೋತರ ಎತ್ತಿಕೊಂಡು ಕೂತರು. ಲಿಂಬೆಹಣ್ಣುಗಳನ್ನು ಮಡಿಲಲ್ಲಿ ಇಟ್ಟುಕೊಂಡು ದಾರಿಯ ಕಡೆ ನೋಡತೊಡಗಿದರು.

ನಮ್ಮ ಮಾತು ಎಂಥದ್ದು ನೋಡಿ. ಮನೆಯಲ್ಲಿ ಇಲ್ಲದವರಿಗೂ ಇಲ್ಲ, ಲೋಕದಲ್ಲಿ ಇಲ್ಲದವರಿಗೂ ಇಲ್ಲ. ನಾನು ಸುಮ್ಮನಿದ್ದುಬಿಡಬಹುದಿತ್ತು. ಡ್ಯೂಟಿಗೆ ಹೋಗ್ಯಾರ, ಸಂಜೀಕ ಬರ್ತಾರ ಎಂದಿದ್ದರೆ ಆ ಒಳ್ಳೆಯ ಮನುಷ್ಯ ಇನ್ನೊಂದು ರವಿವಾರ ಬರುತ್ತಿದ್ದರು, ಮತ್ತೊಂದು ರವಿವಾರ ಬರುತ್ತಿದ್ದರು. ಆದರೆ ಅವರು ಹೊಸ ಅಂಗಿ ತೊಟ್ಟುಕೊಂಡು ನನ್ನ ಗಂಡನಿಗಾಗಿ ಕಾಯುತ್ತಿದ್ದರು. ರಸ್ತೆಯಲ್ಲಿ ಒಂದು ಸ್ಕೂಟರಿನ ಸದ್ದಾಯಿತು, ಅವರು ಅರ್ಧ ಎದ್ದು ನೋಡಿ ಮತ್ತೆ ಕೂತರು. ಅವರ ಜೊತೆ ನಾನೂ ತಿರುಗಿ ನೋಡಿದ್ದೆ.

ತಟ್ಟೆಯನ್ನು ಹಸಿರು ಬಾನೆಟ್ಟಿನ ಮೇಲೆ ಇಟ್ಟೆ.

“ಕಾಕಾ, ಅವ್ರು ಬರೂದಿಲ್ರಿ. ಅವ್ರು ತೀರಿಕೊಂಡಾರ.”

ಕನ್ನಡದಲ್ಲಿ ಆ ಮಾತನ್ನು ನಾನು ಆಡಿದ್ದು ಅದೇ ಮೊದಲು. ವಠಾರದಲ್ಲಿ, ಬ್ಯಾಂಕಿನಲ್ಲಿ, ಆಫೀಸಿನಲ್ಲಿ ಅಷ್ಟೊಂದು ಜನರಿಗೆ ನೆಟ್ಟಗೆ ನಿಂತು ಹೇಳಿದವಳು, ಬಾನೆಟ್ಟು ಹಿಡಿದುಕೊಂಡು ಅತ್ತೆ. ಕಾಕಾ ಎದ್ದು ನಿಂತರು. ಮಡಿಲಿನ ಲಿಂಬೆಹಣ್ಣುಗಳು ಮೆಟ್ಟಿಲಿಳಿದು ಉರುಳಿದವು, ಅವರು ಅವನ್ನು ನೋಡಲಿಲ್ಲ.

“ಅಯ್ಯ ಶಿವನ, ಯಾವಾಗ್ರಿ?” ಅಂದರು.

ಎರಡು ಮಳೆಗಾಲ ಆಯಿತು ಎಂದು ಹೇಳಬೇಕಾಗಿತ್ತು. ಬಾಯಿ ತೆರೆದೆ.

“ಈಗ” ಅಂದೆ.